ಸೀತಮ್ಮನ ತವರಿಗೆ ಸಣ್ಣ ರೈಲು

ಹೋದ ವಾರ ಜಹೀರಾಬಾದಿನಲ್ಲಿ, ಕಣ್ಣಿನ ಶಿಬಿರ ನಡೆಯುತ್ತಿದ್ದ ಶಾಲೆಯ ಎದುರು, ಚಹಾದಂಗಡಿಯವನು ಭಟ್ಟಿಗೆ ಕಲ್ಲಿದ್ದಲು ಸುರಿದು ಬೀಸಣಿಗೆ ಬೀಸುತ್ತಿದ್ದ. ದಟ್ಟ ಹೊಗೆ ಎದ್ದು ಬಂತು. ಬೆಂಚಿನ ಮೇಲೆ ಕೂತವರೆಲ್ಲ ಟವೆಲ್ಲು ಮೂಗಿಗೆ ಹಿಡಿದು ಅತ್ತ ಸರಿದರು. ನಾನೊಬ್ಬ ಇತ್ತ ಸರಿದು ಹೊಗೆಗೆ ಮುಖ ಕೊಟ್ಟು ನಿಂತೆ. ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅಂಗಡಿಯವನಿಗೆ ಅನುಮಾನ ಬಂದಿರಬೇಕು. "ಏನ್ ಬೇಕ್ರಿ ಸಾರ್, ಚಾ ಕೊಡ್ಲೇನು?" ಎಂದ. ಚಹಾ ಬೇಡವಾಗಿತ್ತು. ಒಳಗೆ ನಮ್ಮಾಕೆಯ ಕಣ್ಣಿನ ಪೊರೆ ತೆಗೆಯುತ್ತಿದ್ದರು. ಹೊರಗೆ ನಿಂತ ನನಗೆ ಮಾಡಲು ಕೆಲಸವಿರಲಿಲ್ಲ. ಆ ಹೊಗೆಯೇ ಸಾಕಾಗಿತ್ತು.

ಈ ವಾಸನೆ ನನಗೆ ಪರದೇಶದ ವಾಸನೆ. ನಗಬೇಡಿ, ಖರೇ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ನಾನೂ ಪರದೇಶಕ್ಕೆ ಹೋಗಿ ಬಂದವನೇ. ವಿಮಾನವಿಲ್ಲ, ಕೋಟಿಲ್ಲ, ಪಾಸ್‌ಪೋರ್ಟಿಲ್ಲ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕಟಕ ರೊಟ್ಟಿಯ ಗಂಟು, ಹಿಂದೆ ಹೆಂಡತಿ. ಈ 'ಹಿಂದೆ' ಅನ್ನುವುದನ್ನು ಸ್ವಲ್ಪ ನೆನಪಿನಲ್ಲಿಡಿ. ನಾನು ಹೇಳಲು ಹೊರಟಿರುವುದೆಲ್ಲ ಅದರ ಸುದ್ದಿಯೇ.

ನಮ್ಮದು ನಾಗಲಗಿದ್ದದ ಕಡೆಯ ಸಣ್ಣ ಹಳ್ಳಿ. ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ತೊಗರಿ, ಜೋಳದ ಹೊಲ. ರಾಜ್ಯಗಳನ್ನು ಹಂಚಿದಾಗ ಗೆರೆ ನಮ್ಮ ಹೊಲದ ಆಚೆ ಹಾಯ್ದು ಹೋಯಿತು. ನಾವು ಕೂತಲ್ಲೇ ಕೂತು ಆಂಧ್ರದವರಾದೆವು, ನಮ್ಮ ಬೀಗರು ಮೈಸೂರಿನವರಾದರು. ನಮ್ಮ ಕುರಿಗಳು ಮಾತ್ರ ಬೆಳಿಗ್ಗೆ ಒಂದು ರಾಜ್ಯದಲ್ಲಿ ಮೇಯ್ದು ಸಂಜೆ ಇನ್ನೊಂದರಲ್ಲಿ ನೀರು ಕುಡಿಯುತ್ತಿದ್ದವು. ಮನೆಯಲ್ಲಿ ನಾನೊಬ್ಬನೇ ನಾಲ್ಕಕ್ಷರ ಕಲಿತವನು. ನಾರಾಯಣಖೇಡದಲ್ಲಿ ಮಾಸ್ತರನಾದೆ. ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಬೈಯಬೇಕಾದಾಗ ಮೂರೂ ಕೂಡಿ ಬರುತ್ತಿದ್ದವು.

ಮಾಸ್ತರನಾದರೂ ನಡಿಗೆ ಕುರಿಗಾರನದೇ. ಹಿಂಡಿನ ಜೊತೆ ನಡೆಯುವುದಕ್ಕೊಂದು ರೀತಿಯಿದೆ. ಒಬ್ಬ ಮುಂದೆ ನಡೆಯಬೇಕು, ಇನ್ನೊಬ್ಬ ನಾಯಿಯ ಜೊತೆ ಹಿಂದೆ ಬರಬೇಕು. ಮುಂದಿನವನು ತಿರುಗಿ ನೋಡಬಾರದು. "ಮುಂದಿನಾಂವ ಹಿಂದ ನೋಡಿದ್ರ ಕುರಿ ನಿಂತ್ಬಿಡ್ತಾವ" ಎಂದು ನನ್ನ ಅಣ್ಣ ಚಿಕ್ಕಂದಿನಲ್ಲೇ ನನ್ನ ಬೆನ್ನಿಗೆ ಎರಡು ಬಿಟ್ಟು ಕಲಿಸಿದ್ದ. ಅದಕ್ಕೆ ಮೇಲೊಂದು ಊರಿನ ರೀತಿ: ಗಂಡ ಮುಂದೆ, ಹೆಂಡತಿ ಹಿಂದೆ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ. ಅದಕ್ಕಿಂತ ಕಡಿಮೆಯಾದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತವರು ಕೆಮ್ಮುತ್ತಾರೆ. ಕೆಮ್ಮಿಗೆ ಹೆದರಿ ನಾನು ಮೂವತ್ತು ಹೆಜ್ಜೆ ಇಟ್ಟುಕೊಂಡಿದ್ದೆ.

ನಮ್ಮಾಕೆ ತಾಂಡೂರಿನವಳು. ಅವಳಪ್ಪ ಅಲ್ಲಿಯ ಫರ್ಸಿ ಕಲ್ಲಿನ ಖಣಿಯಲ್ಲಿ ಬಂಡೆ ಒಡೆಯುತ್ತಿದ್ದ. ದಿನಾ ಮಧ್ಯಾಹ್ನ ರೈಲ್ವೆ ಪಟ್ಟಿ ಹಿಡಿದು ನಡೆದು ಅಪ್ಪನಿಗೆ ಬುತ್ತಿ ಒಯ್ಯುವುದು ಅವಳ ಕೆಲಸ. ವಾಡಿಯ ಕಡೆ ಹೋಗುವ ಗಾಡಿಗಳನ್ನೆಲ್ಲ ಅವಳು ಕೂಗಿನ ಮೇಲೆ ಗುರುತಿಸುತ್ತಿದ್ದಳಂತೆ. ಆದರೆ ಮದುವೆಯಾಗುವ ತನಕ ಒಮ್ಮೆಯೂ ರೈಲು ಹತ್ತಿದವಳಲ್ಲ. ಮದುವೆಯಾದ ಮೇಲೂ ಬಹಳ ವರ್ಷ ಹತ್ತಲಿಲ್ಲ. ನಮ್ಮೂರಿಗೆ ಬಸ್ಸೇ ದಿನಕ್ಕೊಂದು. ಅಪ್ಪ ತೀರಿಕೊಂಡ ಮೇಲೆ ತಾಂಡೂರಿನ ಮನೆ ಮುಚ್ಚಿತು. ನಾಗರಪಂಚಮಿಗೆ ಉಳಿದ ಸೊಸೆಯಂದಿರು ತವರಿಗೆ ಹೊರಟಾಗ ಇವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ನನಗೆ ಅದು ಕಾಣುತ್ತಿತ್ತು. ಏನು ಹೇಳಬೇಕೋ ತಿಳಿಯದೆ ಎಮ್ಮೆಗೆ ಮೇವು ಹಾಕಲು ಹೋಗುತ್ತಿದ್ದೆ.

ಅಂಥದರಲ್ಲಿ ಒಂದು ವರ್ಷ, ದೀಪಾವಳಿಯ ಮುಂಚೆ, ಜಹೀರಾಬಾದಿನಿಂದ ಕಾಶಿಗೆ ಹೊರಟ ಹದಿನೆಂಟು ಮಂದಿಯ ಜೊತೆ ನಮಗೂ ಜಾಗ ಸಿಕ್ಕಿತು. ನಮ್ಮ ಹುಡುಗರಿಬ್ಬರನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ನೋಡಿಕೊಂಡಳು. ಕಾಶಿಯ ಧರ್ಮಶಾಲೆಯಲ್ಲಿ ಪಕ್ಕದ ಕೋಣೆಯ ಮುದುಕಿಯೊಬ್ಬಳು ನಮ್ಮಾಕೆಯ ಕಿವಿಯಲ್ಲಿ ಒಂದು ಮಾತು ಹಾಕಿಬಿಟ್ಟಳು: ಇಲ್ಲಿಂದ ಒಂದೂವರೆ ದಿನದ ಹಾದಿ, ನೇಪಾಳದ ಜನಕಪುರ, ಸೀತಮ್ಮ ಹುಟ್ಟಿದ ಊರು. ಅಲ್ಲಿಗೂ ರೈಲು ಹೋಗುತ್ತದೆ.

ಆ ಸಂಜೆ ಅವಳು ನನ್ನ ತಾಟಿಗೆ ಅನ್ನ ಹಾಕುತ್ತ, ನೆಲ ನೋಡುತ್ತ ಅಂದಳು: "ನನಗಂತೂ ತವರಿಲ್ರಿ. ಆ ತಾಯಿ ತವರಾದ್ರೂ ನೋಡ್ಕೊಂಡ್ ಬರೋಣೇನ್ರಿ?"

ಹದಿನಾರು ವರ್ಷದ ಸಂಸಾರದಲ್ಲಿ ಅವಳು ನನ್ನಲ್ಲಿ ಕೇಳಿಕೊಂಡ ಮೊದಲ ಮಾತು ಅದು. ಉಳಿದವರಿಗೆ ಗಯೆಯ ಆಸೆ ತೋರಿಸಿ ಅತ್ತ ಕಳಿಸಿ, ನಾಲ್ಕು ದಿನದಲ್ಲಿ ಬಂದು ಕೂಡುತ್ತೇವೆಂದು ಹೇಳಿ ನಾವಿಬ್ಬರೇ ಹೊರಟೆವು. ಎರಡು ಗಾಡಿ ಬದಲಿಸಿ ನೇಪಾಳ ಗಡಿಯ ಜಯನಗರ ಸೇರಿದೆವು. ಪರದೇಶವೆಂದರೆ ಕೋಟೆ, ಬಾಗಿಲು, ಬಂದೂಕು ಇರುತ್ತದೆಂದು ನಾನು ಉರ್ದುವಿನಲ್ಲಿ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಸಿಪಾಯಿ ನಮ್ಮ ಗಂಟು ಬಿಚ್ಚಿ, ರೊಟ್ಟಿ ಮೂಸಿ, ಒಂದು ಮುರಿದು ಬಾಯಿಗೆ ಹಾಕಿಕೊಂಡು "ಜಾಓ" ಎಂದ. ಭಾಷಣ ಹೊಟ್ಟೆಯಲ್ಲೇ ಉಳಿಯಿತು.

ಜನಕಪುರದ ಆ ರೈಲು ನೋಡಿ ನಮ್ಮಾಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಯ್ಯ, ಇದು ನಮ್ಮ ತಾಂಡೂರ್ ಗಾಡಿ ಮರೀನೇನ್ರಿ?" ಪುಟ್ಟ ಎಂಜಿನ್ನು, ಪುಟ್ಟ ಡಬ್ಬಿಗಳು, ಒಳಗಿನಷ್ಟೇ ಜನ ಮಾಡಿನ ಮೇಲೂ ಕೂತಿದ್ದರು. ಹೊಗೆ ಮಾತ್ರ ದೊಡ್ಡ ಗಾಡಿಯದೇ. ಕಿಟಕಿಯ ಹತ್ತಿರ ಹೆಂಗಸರ ನಡುವೆ ಅವಳಿಗೆ ಜಾಗ ಮಾಡಿಕೊಟ್ಟು ನಾನು ಮುಂದಿನ ಡಬ್ಬಿಗೆ ಹೋದೆ. ಅಲ್ಲಿ ಜಾಗವಿರಲಿಲ್ಲ, ನಿಂತುಕೊಂಡೇ ಹೋದೆ. ಅವಳ ಪಕ್ಕದಲ್ಲಿ ಜಾಗವಿತ್ತು. ಕೂಡಬಾರದೆಂದು ಯಾರೂ ಹೇಳಿರಲಿಲ್ಲ. ನಮ್ಮೂರಿನ ಕಟ್ಟೆ ಅಲ್ಲಿಂದ ಸಾವಿರ ಮೈಲಿ ದೂರವಿತ್ತು. ಆದರೂ ನನ್ನ ಕಿವಿಗೆ ಕೆಮ್ಮು ಕೇಳುತ್ತಿತ್ತು.

ಜನಕಪುರದ ಗುಡಿ ಬೆಳ್ಳಗೆ, ಗುಮ್ಮಟ ಮಿನಾರುಗಳ ಜೊತೆ, ಹೈದರಾಬಾದಿನ ನವಾಬರ ಅರಮನೆಯಂಥ ದೇವಡಿಯ ಹಾಗೆ ಎದ್ದು ನಿಂತಿತ್ತು. ಅವಳು ಬಹಳ ಹೊತ್ತು ತಲೆಯೆತ್ತಿ ನೋಡಿ, "ಸೀತಮ್ಮನಪ್ಪ ನಿಜಾಮ ಇದ್ದನೇನ್ರಿ?" ಎಂದಳು. ನಾನು ಮಾಸ್ತರನಲ್ಲವೇ, ಜನಕರಾಜನ ಬಗ್ಗೆ ಪಾಠ ಮಾಡುತ್ತ ಮುಂದೆ ನಡೆದೆ. ಅರ್ಧ ಪಾಠವಾದ ಮೇಲೆ, ಅವಳು ಮೂವತ್ತು ಹೆಜ್ಜೆ ಹಿಂದಿದ್ದಾಳೆ, ಇಷ್ಟು ಹೊತ್ತು ನಾನು ಬೆನ್ನ ಹಿಂದೆ ಬರುತ್ತಿದ್ದ ಒಂದು ಹೋರಿಗೆ ಜನಕರಾಜನ ಕಥೆ ಹೇಳಿದ್ದೇನೆಂದು ಗೊತ್ತಾಯಿತು. ಹಾಗೆಯೇ ಎರಡು ಕೆರೆ, ನಾಲ್ಕು ಗುಡಿ ನೋಡಿದೆವು. ನೋಡಿದೆವು ಅನ್ನುವುದಕ್ಕಿಂತ, ನಾನು ನೋಡಿ ಮುಗಿಸಿ ಮುಂದೆ ಹೋದ ಮೇಲೆ ಅವಳು ಬಂದು ನೋಡಿದಳು.

ಮರುದಿನ ಮಧ್ಯಾಹ್ನದ ಗಾಡಿಗೆ ಮರಳಬೇಕಿತ್ತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹತ್ತು ನಿಮಿಷ ಮುಂದೆ ಎಂದು ಧರ್ಮಶಾಲೆಯವನು ಹೇಳಿದ್ದ. ನಾನು ನಕ್ಕುಬಿಟ್ಟಿದ್ದೆ. ಮಾಸ್ತರನ ಕೈಗಡಿಯಾರ ತಪ್ಪುವುದುಂಟೇ, ತಪ್ಪಿದ್ದರೆ ಅವರ ದೇಶದ್ದೇ ತಪ್ಪಿರಬೇಕು! ಸ್ಟೇಷನ್ನಿಗೆ ಇನ್ನೊಂದು ಕೂಗಳತೆ ಇದೆ ಅನ್ನುವಾಗ ಎಂಜಿನ್ನು ಕೂಗಿತು. ನನ್ನ ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷವಿತ್ತು. ಓಡಿದೆ. ಹಿಂದೆ ನೋಡಲಿಲ್ಲ. ಹಿಂದಿನ ಡಬ್ಬಿಗೆ ಹೆಂಗಸರು ನುಗ್ಗುತ್ತಿದ್ದರು, ಅವರ ನಡುವೆ ಹಸಿರು ಸೀರೆಯ ಸೆರಗು ಕಂಡಿತು. ನಮ್ಮಾಕೆಯದೂ ಹಸಿರು ಸೀರೆ. ಹತ್ತಿದಳು ಎಂದುಕೊಂಡು ನಾನು ಮುಂದಿನ ಡಬ್ಬಿಗೆ ಜಿಗಿದೆ.

ಮೊದಲನೆಯ ಸ್ಟೇಷನ್ನು ಬರಲು ಅರ್ಧ ಗಂಟೆ. ಅಲ್ಲಿ ಪೇರಲಹಣ್ಣು ಮಾರುತ್ತಿದ್ದರು. ಎರಡು ಕೊಂಡು, ಹಿಂದಿನ ಡಬ್ಬಿಯ ಕಿಟಕಿಗೆ ಹೋಗಿ, ಮುಖ ಆಚೆ ಮಾಡಿ ಕೈ ಮಾತ್ರ ಒಳಗೆ ಚಾಚಿದೆ. ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಹಸಿರು ಸೀರೆಯವಳು ಬೇರೆ ಯಾರೋ. ಡಬ್ಬಿಯ ತುಂಬ ಹುಡುಕಿದೆ. ಮಾಡಿನ ಮೇಲೆ ಕೂತವರನ್ನು ಕೇಳಿದೆ. ನಮ್ಮಾಕೆ ಇರಲಿಲ್ಲ.

ಅವಳ ಹತ್ತಿರ ದುಡ್ಡಿಲ್ಲ, ಗಾಡಿಯ ಚೀಟಿಯಿಲ್ಲ; ಎರಡೂ ನನ್ನ ಕಿಸೆಯಲ್ಲಿ. ಆ ಊರಿನ ಮಾತು ಬರುವುದಿಲ್ಲ. ಗಾಡಿ ಹೊರಟಿತು, ನಾನು ಪಟ್ಟಿಯ ಮೇಲೆ ಹಿಂದಕ್ಕೆ ಓಡಿದೆ. ಈಗ ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ: ಮೊದಲು ನನಗೆ ಬಂದ ಯೋಚನೆ, ಊರಿಗೆ ಹೋಗಿ ಜನರಿಗೆ ಏನು ಹೇಳಲಿ ಎಂಬುದು. ಅವಳು ಎಲ್ಲಿರಬಹುದು, ಹೆದರಿರಬಹುದೇ ಎಂಬುದು ಎರಡನೆಯದಾಗಿ ಬಂತು. ನನ್ನ ಮೇಲೆ ನನಗೇ ಥೂ ಅನ್ನಿಸಿತು. ಓಡುತ್ತ ಓಡುತ್ತ ಅತ್ತುಬಿಟ್ಟೆ. ಆ ಹೆಣ್ಣುಮಗಳಿಲ್ಲದೆ ನಾನು ಯಾವ ಮನೆಗೆ ಹೋಗಬೇಕು? ಅವಳು ಎಲ್ಲಿದ್ದಾಳೋ ಅದೇ ನನ್ನ ಮನೆ ಎಂದು ಹದಿನಾರು ವರ್ಷದಲ್ಲಿ ಆ ಹೊತ್ತಿಗೆ ಮೊದಲ ಬಾರಿ ಗೊತ್ತಾಯಿತು.

ಎರಡೂ ಕಡೆ ಭತ್ತದ ಗದ್ದೆ. ಅರ್ಧ ಹರದಾರಿ ಬಂದಿರಬೇಕು, ಎದುರಿಗೆ ಪಟ್ಟಿಯ ಮೇಲೆ ಹಸಿರಾಗಿ ಏನೋ ನಡೆದು ಬರುತ್ತಿತ್ತು. ಕೂಗಬೇಕೆಂದರೆ ಹೆಂಡತಿಯನ್ನು ಹೆಸರು ಹಿಡಿದು ಕರೆದ ರೂಢಿ ನಮ್ಮಲ್ಲಿಲ್ಲ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಕುರಿ ಕರೆಯುವ ಕೂಗು: "ಹುರ್ರ್... ಬಾ ಬಾ ಬಾ!"

ಅವಳು ನಿಂತಳು. ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಹತ್ತಿರ ಹೋದ ಕೂಡಲೇ, "ನಾ ಏನ್ ಕುರಿ ಏನ್ರಿ?" ಎಂದಳು.

ಏದುಸಿರು ಬಿಡುತ್ತ, "ಇಲ್ಲಿ ಯಾಕ ಬರಾಕತ್ತಿ? ಊರಾಗೇ ನಿಂದರಬಾರದಿತ್ತೇನು?" ಎಂದೆ.

"ನಿಂತು ಏನ್ ಮಾಡ್ಲಿ? ನೀವ್ ಮುಂದ ಹೋದ್ರಿ, ನಾ ಹಿಂದ ಬರಾಕತ್ತೀನಿ. ದಿನಾ ಮಾಡೂದು ಇದೇ ಅಲ್ಲೇನ್ರಿ?" ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಸಮಾಧಾನದಿಂದ ಹೇಳಿದ್ದಕ್ಕೇ ನನಗೆ ಮತ್ತೆ ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖದ ಮಸಿ ಒರೆಸಿದಳು. "ಅಳಬ್ಯಾಡ್ರಿ. ಪಟ್ಟಿ ಹಿಡ್ಕೊಂಡು ನಡದ್ರ ಯಾರೂ ಹಾದಿ ತಪ್ಪಂಗಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಅದಕ್ಕ ಪಟ್ಟಿ ಹಿಡದೆ."

"ಹಿಂದ ಎಲ್ಲಿ ಉಳದಿದ್ದಿ?"

"ಬರ್ರಿ, ತೋರಿಸ್ತೀನಿ," ಎಂದು ತಿರುಗಿದಳು. ನಾನು ರೂಢಿಯ ಪ್ರಕಾರ ಮುಂದೆ ಹೆಜ್ಜೆ ಹಾಕಿದವನು ತಟ್ಟನೆ ನಿಂತೆ. ಅವಳೂ ನಿಂತಳು. ನಾನು ಮುಂದೆ ಹೋಗಲೆಂದು ಅವಳು, ಅವಳು ಬರಲೆಂದು ನಾನು. ಪರದೇಶದ ಪಟ್ಟಿಯ ಮೇಲೆ ಇಬ್ಬರು ಶ್ಯಾಣ್ಯಾರು ಹಾಗೇ ನಿಂತಿದ್ದೆವು. ಕೊನೆಗೆ ನಾನೇ, "ಬಾಜೂಕ ಬಾ" ಎಂದೆ. ಪಟ್ಟಿ ಸಣ್ಣದು, ಇಬ್ಬರು ಕೂಡಿ ನಡೆದರೆ ಭುಜಕ್ಕೆ ಭುಜ ತಾಗುತ್ತಿತ್ತು. ತಾಗಲಿ ಎಂದುಕೊಂಡೆ.

ಸ್ಟೇಷನ್ನಿನ ಹತ್ತಿರ ಒಂದು ಮಣ್ಣಿನ ಮನೆ. ದೀಪಾವಳಿಗೆಂದು ಮನೆಯೊಡತಿ ಗೋಡೆ ಸಾರಿಸಿ, ಅಕ್ಕಿ ಹಿಟ್ಟು ಕಲಸಿ ಮೀನು, ತಾವರೆ, ಆನೆ ಬರೆಯುತ್ತಿದ್ದಳು. ನಮ್ಮಾಕೆಯೂ ನಮ್ಮೂರಿನಲ್ಲಿ ಸುಣ್ಣ ಕೆಮ್ಮಣ್ಣಿನಲ್ಲಿ ಗೋಡೆ ಬರೆಯುವುದರಲ್ಲಿ ಪಳಗಿದ ಕೈ. ನಿಂತು ನೋಡಿದ್ದಾಳೆ, ಆಕೆ ಕೈಗೆ ಕಡ್ಡಿ ಕೊಟ್ಟಿದ್ದಾಳೆ, ಇವಳೂ ಒಂದು ಮೂಲೆಯಲ್ಲಿ ಬರೆದಿದ್ದಾಳೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಬರೆದದ್ದು ಏನು ಅಂತೀರಿ? ಸಣ್ಣ ರೈಲು! ಎಂಜಿನ್ನು, ಹೊಗೆ, ಒಂದು ಡಬ್ಬಿಯಷ್ಟು ಜಾಗ ಬಿಟ್ಟು ಸಾಲಾಗಿ ಡಬ್ಬಿ. ಒಂದು ಕಿಟಕಿಯಲ್ಲಿ ಕುಂಕುಮವಿಟ್ಟ ಒಂದು ತಲೆ.

"ಇದು ನೀನೇನು?"

"ಹೌದ್ರಿ."

"ಮತ್ತ ನಾ ಎಲ್ಲಿ?"

"ನೀವು ಮುಂದಿನ ಡಬ್ಬಿಯಾಗ ಅದೀರಿ. ಅದು ಇನ್ನ ಬರದಿಲ್ಲ."

ಮನೆಯೊಡತಿಗೆ ಮಾತು ತಿಳಿಯದಿದ್ದರೂ ನನ್ನ ಮುಖ ನೋಡಿ ಎಲ್ಲ ತಿಳಿಯಿತು. ಬಿದ್ದು ಬಿದ್ದು ನಕ್ಕಳು.

ಮುಂದಿನ ಗಾಡಿ ಮರುದಿನಕ್ಕೆ. ಗಾಡಿ ತಪ್ಪಿದ್ದರಿಂದ ಸಿಕ್ಕ ಆ ಒಂದು ದಿನವೇ ನಾವು ನಿಜವಾಗಿ ಪ್ರವಾಸ ಮಾಡಿದ ದಿನ. ನೋಡಿದ್ದ ಗುಡಿಯನ್ನೇ ಮತ್ತೆ ನೋಡಿದೆವು, ಈ ಸಲ ಅಕ್ಕಪಕ್ಕ. ಅವಳು ಎಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಯ ಹೆಂಗಸರು ಸೆರಗು ಹೊದೆಯುವ ರೀತಿ, ಕೆರೆಯ ಮೆಟ್ಟಿಲಿನ ಕಲ್ಲು ತಾಂಡೂರಿನ ಫರ್ಸಿಗಿಂತ ಒರಟು ಎಂಬುದು, ಎಲ್ಲವೂ ಅವಳ ಕಣ್ಣಿಗೆ ಬಿದ್ದಿತ್ತು. ಕೆರೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಾಗ ಕೇಳಿದಳು:

"ಇಲ್ಲೇನೋ ಬಾಜೂಕ ನಡದ್ರಿ. ಊರಾಗ ನಡೀತೀರೇನ್ರಿ?"

"ನಡೀತೀನಿ."

"ಕಟ್ಟಿ ಮುಂದ?"

"ಕಟ್ಟಿ ಮುಂದನೂ ನಡೀತೀನಿ. ಯಾರಪ್ಪಂದೇನು ಹೆದರಿಕಿ?"

ಮರುದಿನ ರೈಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತೆವು. ಕಿಟಕಿ ಅವಳಿಗೆ. ಹೊಗೆಯೆಲ್ಲ ಒಳಗೆ ಬಂದು ಇಬ್ಬರ ಮುಖವೂ ಕಪ್ಪಾಯಿತು. ಅವಳು ನನ್ನ ಮೂಗು ನೋಡಿ ನಕ್ಕಳು, ನಾನು ಅವಳದನ್ನು ನೋಡಿ ನಕ್ಕೆ. ಅಷ್ಟು ಸುಖವಾಗಿ ನಾನು ಮುಂದೆ ಯಾವ ಗಾಡಿಯಲ್ಲೂ ಕೂತಿಲ್ಲ.

ಇನ್ನು ಊರಿನ ಮಾತು. ಹೇಳದೆ ಬಿಡೋಣವೆಂದರೆ ಮನಸ್ಸು ಕೇಳುವುದಿಲ್ಲ. ಬಸ್ಸಿಳಿದಾಗ ಸಂಜೆ. ಕಟ್ಟೆಯ ಮೇಲೆ ಅಣ್ಣನೂ ಇನ್ನು ನಾಲ್ವರೂ ಕೂತಿದ್ದರು. ಹತ್ತು ಹೆಜ್ಜೆ ಕೂಡಿಯೇ ನಡೆದೆವು. ಆಮೇಲೆ ನನ್ನ ಕಾಲಿಗೆ ಏನಾಯಿತೋ. ಯಾರೂ ಕೆಮ್ಮಲೂ ಇಲ್ಲ ನೋಡಿ, ಕೆಮ್ಮಿಯಾರೆಂಬ ಹೆದರಿಕೆಗೇ ಕಾಲು ತಾವಾಗಿ ದಾಪುಗಾಲು ಹಾಕಿದವು. ಮನೆಯ ಬಾಗಿಲಿಗೆ ಬಂದು ನಿಂತಾಗ ಅವಳು ಮೂವತ್ತು ಹೆಜ್ಜೆ ಹಿಂದೆ ಇದ್ದಳು. ಕಾಲು ತೊಳೆದುಕೊಂಡು ಒಳಗೆ ಹೋದಳು.

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಒಂದು ದಿನವೂ ಆ ಮಾತೆತ್ತಲಿಲ್ಲ. ಮುಂದೆ ಹೊಲಕ್ಕೆ ಹೋಗುವಾಗ, ಮದುವೆಗೆ ಹೋಗುವಾಗ, ನಾನು ಬೇಕೆಂದೇ ನಡಿಗೆ ನಿಧಾನ ಮಾಡುತ್ತಿದ್ದೆ. ನಾನು ನಿಧಾನವಾದಷ್ಟೂ ಅವಳೂ ನಿಧಾನ. ನಾನು ನಿಂತರೆ ಅವಳೂ ನಿಂತು, ಸೀರೆಗೆ ಹತ್ತಿದ ಮುಳ್ಳು ತೆಗೆದಂತೆ ಮಾಡುತ್ತಿದ್ದಳು. "ಬಾಜೂಕ ಬಾ" ಎನ್ನಲು ನನಗೆ ಬಾಯಿರಲಿಲ್ಲ. ಒಮ್ಮೆ ಮಾತು ತಪ್ಪಿದ ಮನುಷ್ಯ ಎರಡನೆಯ ಸಲ ಕರೆದರೆ ಅದಕ್ಕೇನು ಬೆಲೆ? ಹೀಗೆ ಹದಿನೈದು ವರ್ಷ ಹೋದವು. ಹುಡುಗರ ಮದುವೆಯಾದವು, ನನಗೆ ಕೆಲಸ ಬಿಡುವ ವಯಸ್ಸಾಯಿತು, ಅವಳ ಎರಡೂ ಕಣ್ಣಿಗೆ ಪೊರೆ ಬಂತು.

ಶಿಬಿರದವರು ಒಂದು ಕಣ್ಣಿಗೆ ಆಪರೇಷನ್ ಮಾಡಿ, ಹಸಿರು ಬಟ್ಟೆಯ ಪಟ್ಟಿ ಕಟ್ಟಿ, ನಾಲ್ಕು ದಿನ ಇಟ್ಟುಕೊಂಡು ನಿನ್ನೆ ಕಳಿಸಿಕೊಟ್ಟರು. ಇನ್ನೊಂದು ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದು. ಊರಲ್ಲಿ ಬಸ್ಸಿಳಿದು ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲು ನೋಡಿದಳು.

"ಸರೀರಿ ಆ ಕಡಿ. ನಿಮ್ಮ ಚಪ್ಪಲಿ ಸಪ್ಪಳ ಕೇಳ್ಕೋತ ಹಿಂದ ಬರ್ತೀನಿ."

"ಇಷ್ಟು ವರ್ಷ ಬಂದಿದ್ದು ಸಾಕು," ಎಂದೆ.

ಅವಳು ಪಕ್ಕದಲ್ಲೇ ನಡೆದಳು. ಹನುಮಪ್ಪನ ಗುಡಿ ಹತ್ತಿರ ಬಂದದ್ದು ಅವಳಿಗೆ ಎಣ್ಣೆಯ ವಾಸನೆಯಿಂದಲೇ ಗೊತ್ತಾಯಿತು. ಪಿಸುದನಿಯಲ್ಲಿ ಕೇಳಿದಳು: "ಕಟ್ಟಿ ಮ್ಯಾಗ ಮಂದಿ ಅದಾರೇನ್ರಿ?"

ಆರು ಜನರಿದ್ದರು. ನಡುವೆ ನನ್ನ ಅಣ್ಣ, ಬೀಡಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತುಹೋಗಿತ್ತು. "ಯಾರೂ ಇಲ್ಲ. ಖಾಲಿ ಅದ," ಎಂದೆ.

ಅಣ್ಣ ಕೆಮ್ಮಿದ.

ಅವಳು ಗಕ್ಕನೆ ನಿಂತಳು. "ಖಾಲಿ ಕಟ್ಟಿ ಕೆಮ್ಮತದೇನ್ರಿ?"

ನನ್ನ ಕಾಲು ಮತ್ತೆ ಅದೇ ಹಳೆಯ ಆಟಕ್ಕೆ ತಯಾರಾದದ್ದು ನನಗೆ ಗೊತ್ತಾಯಿತು. ಹಿಡಿದ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಕಟ್ಟೆಯವರಿಗೂ ಕೇಳಲಿ ಎಂದು ಸ್ವಲ್ಪ ದನಿ ಏರಿಸಿಯೇ ಹೇಳಿದೆ: "ಅದಾರ. ಎಲ್ಲಾರೂ ಅದಾರ. ನಮ್ಮಿಬ್ಬರ್ನೇ ನೋಡಾಕತ್ತಾರ."

ಅವಳು ಇನ್ನೊಂದು ಕೈಯಿಂದ ಸೆರಗು ನೆಟ್ಟಗೆ ಮಾಡಿಕೊಂಡು, ನನ್ನ ಪಕ್ಕಕ್ಕೆ ಇನ್ನಷ್ಟು ಸರಿದು ನಿಂತಳು.

"ಹಂಗಾದ್ರ ಸಾವಕಾಶ ನಡೀರಿ," ಅಂದಳು.